ಕಮ್ಮಿ ಬಜೆಟ್‌ನ ಗೇಮಿಂಗ್ ಮಾನಿಟರ್: ಡಬ್ಬದ ಮೇಲಿನ ಯಾವ ನಂಬರ್ ನಂಬ್ಬೋದು, ಯಾವ್ದು ಬಿಡ್ಬೋದು

ಬೆಂಗಳೂರಿನ ಎಸ್‌ಪಿ ರೋಡಲ್ಲಿ ಯಾವ್ದಾದ್ರೂ ಅಂಗಡಿಗೆ ಹೋಗಿ "ಅಣ್ಣ, ಗೇಮಿಂಗ್ ಮಾನಿಟರ್ ತೋರ್ಸಿ" ಅಂದ್ರೆ ಮೊದ್ಲು ಬರೋ ಪ್ರಶ್ನೆ "ಬಜೆಟ್ ಎಷ್ಟು ಸರ್?". ಹತ್ತು ಸಾವ್ರ ಅಂತ ಬಾಯಿಂದ ಬಿದ್ದಿದ್ದೇ ತಡ, ಮೇಲಿನ ಅಟ್ಟದಿಂದ ಡಬ್ಬಗಳು ಇಳಿಯೋಕೆ ಶುರು, ಒಂದೊಂದರ ಮೇಲೂ ಮೈತುಂಬಾ ಸ್ಟಿಕ್ಕರ್: 180 ಹರ್ಟ್ಜ್, 1 ಎಂಎಸ್, ಎಚ್‌ಡಿಆರ್, ಫ್ರೀಸಿಂಕ್, 1500ಆರ್ ಕರ್ವ್, ಕಾಂಟ್ರಾಸ್ಟ್ ಅಂತೂ ಕೋಟಿ ಲೆಕ್ಕದಲ್ಲಿ. ಇಷ್ಟೆಲ್ಲ ಓದಿ ತಲೆ ಗಿರ್ರ್ ಅಂದ್ಮೇಲೆ ಜನ ತಗೊಳ್ಳೋದು ನಂಬರ್ ಯಾವ್ದ್ರಲ್ಲಿ ದೊಡ್ಡದಿದ್ಯೋ ಅದನ್ನ, ಇಲ್ಲಾ ಹಿಂದೆ ಆರ್‌ಜಿಬಿ ಲೈಟ್ ಉರಿಯೋದನ್ನ.

ನನ್ನ ಲೆಕ್ಕ ಸಿಂಪಲ್. ಡಬ್ಬದ ಮೇಲಿರೋ ನಂಬರಲ್ಲಿ ಎರಡು ಜಾತಿ ಇದೆ. ಮನೆಗೆ ತಂದ್ಮೇಲೆ ನೀವೇ ಚೆಕ್ ಮಾಡ್ಬೋದಾದ ನಂಬರ್‌ಗಳು ಒಂದು ಜಾತಿ, ಅಂದ್ರೆ ಎಷ್ಟು ಇಂಚು, ಎಷ್ಟು ರೆಸಲ್ಯೂಷನ್, ಎಷ್ಟು ಹರ್ಟ್ಜ್, ಇವನ್ನ ಕಂಪನಿಯವ್ರು ಉತ್ಪ್ರೇಕ್ಷೆ ಮಾಡೋಕೆ ಹೋಗಲ್ಲ, ಮಾಡಿದ್ರೆ ಮೊದಲ ದಿನಾನೇ ಸಿಕ್ಕಿ ಬೀಳ್ತಾರೆ. ಇನ್ನೊಂದು ಜಾತಿ ಲ್ಯಾಬ್ ಉಪಕರಣ ಇಲ್ದೆ ಅಳೆಯೋಕಾಗ್ದೆ ಇರೋದು, ಎಂಎಸ್ಸು (ಮಿಲಿಸೆಕೆಂಡು), ಡೈನಾಮಿಕ್ ಕಾಂಟ್ರಾಸ್ಟು, ಎಚ್‌ಡಿಆರ್ ಅನುಭವ ಅನ್ನೋವೆಲ್ಲ. ಇವು ಪೂರ್ತಿ ಸುಳ್ಳು ಅಂತಲ್ಲ, ಆದ್ರೆ ಅಳತೆಕೋಲು ಅವರದ್ದೇ, ಅಳೆಯೋರೂ ಅವರೇ. ಕಾಸು ಕೊಡ್ಬೇಕಾಗಿರೋದು ಮೊದಲನೇ ಜಾತಿಗೆ.

ಆದ್ರೆ ಆ ನಂಬರ್‌ಗಳನ್ನ ನೋಡೋಕ್ ಮುಂಚೆ ಇನ್ನೊಂದು ವಿಷಯ ಗೊತ್ತಿರ್ಬೇಕು, ನಿಮ್ಮ ಪಿಸಿಯಲ್ಲಿ ಯಾವ ಗ್ರಾಫಿಕ್ಸ್ ಕಾರ್ಡ್ ಇದೆ ಅಂತ. ಚಿತ್ರ ತಯಾರು ಮಾಡೋದು ಕಾರ್ಡು, ಮಾನಿಟರ್ ಬರೀ ತೋರಿಸುತ್ತೆ. 60 ಹರ್ಟ್ಜ್ ಅಂದ್ರೆ ಸೆಕೆಂಡಿಗೆ 60 ಸಲ ಸ್ಕ್ರೀನ್ ಹೊಸ ಚಿತ್ರ ಹಾಕ್ಕೊಳ್ಳುತ್ತೆ, 144 ಅಂದ್ರೆ 144 ಸಲ. ಕಾರ್ಡ್ ಸೆಕೆಂಡಿಗೆ 50 ಫ್ರೇಮ್, ಅಂದ್ರೆ 50 ಚಿತ್ರ ಮಾತ್ರ ಕೊಡ್ತಿದ್ರೆ 180 ಹರ್ಟ್ಜ್ ಮಾನಿಟರ್ ಏನ್ ಮಾಡುತ್ತೆ ಪಾಪ, ಅದೇ ಫ್ರೇಮನ್ನ ಮೂರ್ಮೂರು ಸಲ ತೋರಿಸ್ಕೊಂಡು ಕೂತಿರುತ್ತೆ. ಕೆಲವು ಗೇಮ್‌ಗಳಲ್ಲಂತೂ ಲಿಮಿಟ್ ಗೇಮ್ ಒಳಗೇ ಇರುತ್ತೆ, ಎಲ್ಡನ್ ರಿಂಗ್ ಪಿಸಿಯಲ್ಲಿ 60 ಫ್ರೇಮ್‌ಗೆ ಲಾಕ್, ನೀವು ಲಕ್ಷ ರೂಪಾಯಿ ಕಾರ್ಡ್ ಹಾಕಿದ್ರೂ ಅಷ್ಟೇ. ಅದೇ ವ್ಯಾಲೊರಂಟ್, ಸಿಎಸ್ 2 ತರದ ಶೂಟರ್ ಗೇಮ್ ಉಲ್ಟಾ, ವ್ಯಾಲೊರಂಟ್ ಎಷ್ಟು ಹಗುರ ಅಂದ್ರೆ ಸಾಧಾರಣ ಕಾರ್ಡಲ್ಲೂ ನೂರು ನೂರೈವತ್ತರ ಮೇಲೆ ಓಡುತ್ತೆ, ಅಲ್ಲಿ ಜಾಸ್ತಿ ಹರ್ಟ್ಜ್‌ಗೆ ನಿಜವಾಗ್ಲೂ ಬೆಲೆ ಇದೆ. ಹಾಗಾಗಿ ಅಂಗಡಿಗೆ ಹೋಗೋಕ್ ಮುಂಚೆ ನೀವು ದಿನಾ ಆಡೋ ಗೇಮ್ ಹಾಕಿ, ಫ್ರೇಮ್ ಕೌಂಟರ್ ಆನ್ ಮಾಡಿ, ಗಲಾಟೆ ಜಾಸ್ತಿ ಇರೋ ಜಾಗದಲ್ಲಿ ಎಷ್ಟು ಬರ್ತಿದೆ ನೋಡ್ಕೊಳ್ಳಿ. ಮೆನು ಸ್ಕ್ರೀನಲ್ಲಿ 300 ಬಂತು ಅಂತ ಹಿಗ್ಗೋದು ಬೇಡ.

ಈಗ ಹರ್ಟ್ಜ್ ಕಡೆ ಬರೋಣ, ಇಲ್ಲಿ ಒಂಚೂರು ಗಣಿತ ಇದೆ ಆದ್ರೆ ಉಪಯೋಗದ್ದು. 60 ಹರ್ಟ್ಜ್‌ನಲ್ಲಿ ಒಂದು ಫ್ರೇಮ್ ಸ್ಕ್ರೀನ್ ಮೇಲೆ 16.7 ಮಿಲಿಸೆಕೆಂಡ್ ಕೂತಿರುತ್ತೆ. 100ರಲ್ಲಿ 10. 144ರಲ್ಲಿ 6.9. 180ರಲ್ಲಿ 5.6. 240ರಲ್ಲಿ 4.2. ಅಂದ್ರೆ 60ರಿಂದ 144ಕ್ಕೆ ಹೋದ್ರೆ ಸುಮಾರು 10 ಮಿಲಿಸೆಕೆಂಡ್ ಉಳೀತು, ಮೌಸ್ ಅಲ್ಲಾಡಿಸಿದ ತಕ್ಷಣ ಕೈಗೆ ಗೊತ್ತಾಗುತ್ತೆ. 144ರಿಂದ 180ಕ್ಕೆ ಹೋದ್ರೆ ಉಳಿಯೋದು ಒಂದೂವರೆಗೂ ಕಮ್ಮಿ, 240ಕ್ಕೆ ಹೋದ್ರೂ ಮೂರರೊಳಗೇ. 165 ಬೇಕಾ 180 ಬೇಕಾ ಅಂತ ಜಗಳ ಆಡೋರನ್ನ ನೋಡಿದ್ರೆ ನಗು ಬರುತ್ತೆ, ಇಬ್ಬರ ನಡುವೆ ಇರೋದು ಅರ್ಧ ಮಿಲಿಸೆಕೆಂಡು. ಇನ್ನೊಂದು ಇಲ್ಲೇ ಕಾಣುತ್ತೆ ನೋಡಿ, ಈಗ ಆಫೀಸ್ ಮಾನಿಟರ್ ಅಂತ ಮಾರೋ ಎಷ್ಟೋ ಸಾದಾ ಮಾಡೆಲ್‌ಗಳೂ 100 ಹರ್ಟ್ಜ್ ಬರ್ತವೆ, ಅಲ್ಲೇ ಆ ಹತ್ತರಲ್ಲಿ ಹೆಚ್ಚುಕಮ್ಮಿ ಏಳು ಉಳಿದುಹೋಯ್ತು. ಕೈಯಲ್ಲಿ ಕಾಸು ತೀರಾ ಟೈಟ್ ಇದ್ರೆ ಅದು ಕೆಟ್ಟ ಆಯ್ಕೆ ಅಲ್ವೇ ಅಲ್ಲ, ಗೇಮಿಂಗ್ ಅನ್ನೋ ಸ್ಟಿಕ್ಕರ್ ಇರಲ್ಲ ಅಷ್ಟೆ.

ಸೈಜು ಮತ್ತೆ ರೆಸಲ್ಯೂಷನ್ ಜೋಡಿ, ಒಂದನ್ನ ಬಿಟ್ಟು ಒಂದು ನೋಡ್ಬಾರ್ದು. ಫುಲ್ ಎಚ್‌ಡಿ ಅಂದ್ರೆ 1920 ಬೈ 1080, ಸುಮಾರು 20 ಲಕ್ಷ ಪಿಕ್ಸೆಲ್. ಅದನ್ನ 24 ಇಂಚಲ್ಲಿ ಹರಡಿದ್ರೆ ಒಂದು ಇಂಚಿಗೆ 92 ಪಿಕ್ಸೆಲ್ ಬೀಳುತ್ತೆ, ಪರವಾಗಿಲ್ಲ ಚೆನ್ನಾಗೇ ಕಾಣುತ್ತೆ. ಅಷ್ಟೇ ಪಿಕ್ಸೆಲ್‌ಗಳನ್ನ 27 ಇಂಚಿಗೆ ಎಳೆದ್ರೆ 82ಕ್ಕೆ ಇಳಿಯುತ್ತೆ, ಅಕ್ಷರಗಳ ಅಂಚು ಒರಟು ಒರಟಾಗಿ ಕಾಣ್ಸುತ್ತೆ, ಗೇಮಲ್ಲಿ ದೂರದ ಶತ್ರು ಒಂದು ಚುಕ್ಕಿ ಗುಂಪು ಆಗ್ಬಿಡ್ತಾನೆ. ಅಂಗಡಿಯವ್ರು "ಒಂದ್ ಸಾವ್ರ ಜಾಸ್ತಿ ಹಾಕಿ ಸರ್, 27 ಇಂಚು ಬರುತ್ತೆ" ಅಂತ ತಳ್ಳೋದು ಬಹಳ ಸಲ ಈ 27 ಇಂಚಿನ ಫುಲ್ ಎಚ್‌ಡಿನೇ, ಮೂರು ಅಡಿ ದೂರ ಕೂತು ಆಡೋರಾದ್ರೆ ತಗೊಳ್ಳಿ, ಇಲ್ಲಾಂದ್ರೆ ನನ್ನ ಓಟು ಇಲ್ಲ. 27 ಇಂಚಿಗೆ ಸರಿಹೋಗೋದು 1440ಪಿ, ಅಂದ್ರೆ 2560 ಬೈ 1440, ಇಂಚಿಗೆ 109 ಪಿಕ್ಸೆಲ್, ನೋಡೋಕೆ ಸೂಪರ್. ಆದ್ರೆ ಪಿಕ್ಸೆಲ್ ಲೆಕ್ಕ ಫುಲ್ ಎಚ್‌ಡಿಗಿಂತ 1.78 ಪಟ್ಟು, ಆ ಹೊರೆ ಎಲ್ಲಾ ಹೊರ್ಬೇಕಾಗಿರೋದು ನಿಮ್ಮ ಕಾರ್ಡು. ಜಿಟಿಎಕ್ಸ್ 1650, ಆರ್‌ಎಕ್ಸ್ 6600 ತರದ್ದಿದ್ರೆ 24 ಇಂಚು ಫುಲ್ ಎಚ್‌ಡಿಯಲ್ಲೇ ಆರಾಮಾಗಿರಿ. ಆರ್‌ಟಿಎಕ್ಸ್ 4060 ಅಥವಾ ಅದಕ್ಕಿಂತ ಮೇಲೆ ಇದ್ದು, ಡಿಎಲ್‌ಎಸ್‌ಎಸ್ (ಕಮ್ಮಿ ರೆಸಲ್ಯೂಷನಲ್ಲಿ ಚಿತ್ರ ಮಾಡಿ ಆಮೇಲೆ ಹಿಗ್ಗಿಸೋ ಎನ್ವಿಡಿಯಾದ ಸೆಟ್ಟಿಂಗ್) ಆನ್ ಮಾಡ್ಕೊಂಡು ಆಡೋಕೆ ಬೇಜಾರಿಲ್ಲ ಅಂದ್ರೆ 1440ಪಿ ಯೋಚಿಸ್ಬೋದು. 4ಕೆ ಈ ಬಜೆಟ್‌ನ ಮಾತೇ ಅಲ್ಲ.

"ಮಾನಿಟರ್ ಯಾಕೆ, ಅದೇ ದುಡ್ಡಿಗೆ 32 ಇಂಚು ಟಿವಿ ಬರುತ್ತಲ್ಲ ಮಗಾ" ಅನ್ನೋ ಒಬ್ಬ ಫ್ರೆಂಡ್ ಎಲ್ಲರಿಗೂ ಇರ್ತಾನೆ. ಬರುತ್ತೆ ನಿಜ. ಆದ್ರೆ ಕಮ್ಮಿ ರೇಟಿನ 32 ಇಂಚಿನ ಟಿವಿಗಳು ಬಹುತೇಕ ಎಚ್‌ಡಿ ರೆಡಿ, ಅಂದ್ರೆ 1366 ಬೈ 768, ಫುಲ್ ಎಚ್‌ಡಿಯ ಅರ್ಧ ಪಿಕ್ಸೆಲ್ ಅಷ್ಟೇ, ಅದೂ 60 ಹರ್ಟ್ಜ್. ಟೇಬಲ್ ಮೇಲಿಟ್ಟು ಎರಡಡಿ ದೂರದಿಂದ ನೋಡಿದ್ರೆ ಪಿಕ್ಸೆಲ್ ಎಣಿಸ್ಬೋದು.

ಈಗ ಆ 1 ಎಂಎಸ್ ವಿಷ್ಯ, ಇದ್ರಲ್ಲೇ ಜನ ಜಾಸ್ತಿ ಬೀಳೋದು, ಸ್ವಲ್ಪ ಬಿಡಿಸಿ ಹೇಳ್ತೀನಿ. ಎಲ್‌ಸಿಡಿಯಲ್ಲಿ ಒಂದೊಂದು ಪಿಕ್ಸೆಲ್ ಒಂದು ಬಣ್ಣದಿಂದ ಇನ್ನೊಂದಕ್ಕೆ ತಿರುಗೋಕೆ ಟೈಮ್ ಬೇಕು, ಒಳಗಿರೋ ಲಿಕ್ವಿಡ್ ಕ್ರಿಸ್ಟಲ್ ಹೊರಳ್ಬೇಕಲ್ಲ. ಆ ಟೈಮ್ ಜಾಸ್ತಿ ಆದ್ರೆ ಹಳೇ ಫ್ರೇಮಿನ ನೆರಳು ಹೊಸ ಫ್ರೇಮಲ್ಲೂ ಉಳ್ಕೊಳ್ಳುತ್ತೆ, ಓಡೋ ವಸ್ತುವಿನ ಹಿಂದೆ ಬಾಲ ಇದ್ದಂಗೆ ಕಾಣುತ್ತೆ, ಅದನ್ನೇ ಘೋಸ್ಟಿಂಗ್ ಅನ್ನೋದು. ಈ ಟೈಮನ್ನ ಒಂದು ಬೂದು ಬಣ್ಣದಿಂದ ಇನ್ನೊಂದು ಬೂದಿಗೆ ಹೋಗೋದನ್ನ ಅಳೆದು ಜಿಟಿಜಿ ಅಂತ ಹಾಕ್ತಾರೆ. ಆದ್ರೆ ಯಾವ ಬೂದಿಂದ ಯಾವ ಬೂದಿಗೆ? ನೂರಾರು ಜೋಡಿ ಇವೆ, ಒಂದು ಜೋಡಿ 1 ಮಿಲಿಸೆಕೆಂಡಲ್ಲಿ ಹೋಗ್ಬೋದು, ಇನ್ನೊಂದಕ್ಕೆ 12 ಹಿಡೀಬೋದು, ಡಬ್ಬದ ಮೇಲೆ ಬರೋದು ಅತೀ ಫಾಸ್ಟ್ ಜೋಡಿ. ಅದೂ ಓವರ್‌ಡ್ರೈವ್ ಅನ್ನೋ ಸೆಟ್ಟಿಂಗ್ ಫುಲ್ ಇಟ್ಟಾಗ. ಓವರ್‌ಡ್ರೈವ್ ಅಂದ್ರೆ ಪಿಕ್ಸೆಲ್‌ಗೆ ಜಾಸ್ತಿ ವೋಲ್ಟೇಜ್ ಕೊಟ್ಟು ಬೇಗ ತಳ್ಳೋದು, ಫುಲ್ ಇಟ್ರೆ ಪಿಕ್ಸೆಲ್ ಗುರಿ ದಾಟಿ ಆಚೆ ಹೋಗಿ ವಾಪಸ್ ಬರುತ್ತೆ, ಆಗ ಕಪ್ಪು ಬಾಲದ ಬದ್ಲು ಬಿಳಿ ಹೊಳಪಿನ ಬಾಲ ಬರುತ್ತೆ, ಕಣ್ಣಿಗೆ ಇನ್ನೂ ಅಸಹ್ಯ.

ಇನ್ನು ಕೆಲವು ಡಬ್ಬದಲ್ಲಿ ಚಿಕ್ಕ ಅಕ್ಷರದಲ್ಲಿ ಎಂಪಿಆರ್‌ಟಿ ಅಂತ ಇರುತ್ತೆ, ಕನ್ನಡಕ ಹಾಕ್ಕೊಂಡಾದ್ರೂ ಓದಿ. ಅದು ಪಿಕ್ಸೆಲ್ ವೇಗವೇ ಅಲ್ಲ, ಒಂದು ಫ್ರೇಮ್ ಎಷ್ಟು ಹೊತ್ತು ಕಣ್ಣಿಗೆ ಬೆಳಗ್ತಿರುತ್ತೆ ಅನ್ನೋ ಲೆಕ್ಕ. 144 ಹರ್ಟ್ಜ್‌ನಲ್ಲಿ ಫ್ರೇಮ್ ಪೂರ್ತಿ ಬೆಳಗಿದ್ರೆ ಅದು ಹೆಂಗೂ 6.9, 1ಕ್ಕೆ ತರ್ಬೇಕು ಅಂದ್ರೆ ಹಿಂದಿನ ಬ್ಯಾಕ್‌ಲೈಟನ್ನ ಪ್ರತಿ ಫ್ರೇಮಿಗೂ ಪಕ್ ಅಂತ ಹೊತ್ತಿಸಿ ಆರಿಸ್ಬೇಕು. ಮಾಡ್ಬೋದು, ಚಿತ್ರ ಶಾರ್ಪ್ ಆಗೂ ಕಾಣುತ್ತೆ, ಆದ್ರೆ ಸ್ಕ್ರೀನ್ ಮಂಕಾಗುತ್ತೆ, ಕೆಲವರಿಗೆ ತಲೆನೋವು ಬರುತ್ತೆ, ಮತ್ತೆ ಸಾಮಾನ್ಯವಾಗಿ ಆ ಮೋಡ್ ಆನ್ ಮಾಡಿದ್ರೆ ಫ್ರೀಸಿಂಕ್ (ಮಾನಿಟರ್ ಕಾರ್ಡಿನ ಫ್ರೇಮ್‌ಗೆ ಹೊಂದ್ಕೊಳ್ಳೋದು, ಮುಂದೆ ಹೇಳ್ತೀನಿ) ಆಫ್ ಆಗುತ್ತೆ. 1 ಎಂಎಸ್ ಅಂತ ಬರೆದಿರೋ ಎರಡು ಮಾನಿಟರ್ ಪಕ್ಕಪಕ್ಕ ಇಟ್ರೆ ಒಂದು ಕ್ಲೀನ್ ಆಗಿರುತ್ತೆ, ಇನ್ನೊಂದು ಬರೀ ಮಸುಕು.

ಇದನ್ನ ಅಂಗಡಿಯಲ್ಲೇ ನೋಡೋಕೆ ಒಂದು ದಾರಿ ಇದೆ. ಡೆಮೋಗೆ ಇಟ್ಟಿರೋ ಮಾನಿಟರ್‌ಗೆ ಪಿಸಿ ಕನೆಕ್ಟ್ ಆಗಿದ್ರೆ ಬ್ರೌಸರಲ್ಲಿ ಯುಎಫ್‌ಒ ಟೆಸ್ಟ್ ಅಂತ ಹುಡುಕಿ ತೆರೀರಿ, ಒಂದರ ಕೆಳಗೊಂದು ಹಾರುವ ತಟ್ಟೆಗಳು ಎಡದಿಂದ ಬಲಕ್ಕೆ ಓಡ್ತಿರ್ತವೆ, ಒಂದೊಂದು ಸಾಲು ಒಂದೊಂದು ಫ್ರೇಮ್ ರೇಟಲ್ಲಿ. ಮೇಲಿನ ಸಾಲಿನ ತಟ್ಟೆಯನ್ನೇ ಕಣ್ಣಲ್ಲಿ ಫಾಲೋ ಮಾಡಿ. ಒಳಗೆ ಕೂತಿರೋ ಪುಟ್ಟ ಏಲಿಯನ್‌ನ ಕಣ್ಣು ಬಿಡಿಬಿಡಿಯಾಗಿ ಕಾಣಿಸ್ತಿದ್ರೆ ಒಳ್ಳೇದು. ತಟ್ಟೆ ಹಿಂದೆ ಉದ್ದ ನೆರಳು ಎಳೀತಿದ್ರೆ ಪ್ಯಾನೆಲ್ ಸ್ಲೋ, ಹಿಂದೆ ಬಿಳಿ ಮಿಂಚು ಕಂಡ್ರೆ ಓವರ್‌ಡ್ರೈವ್ ಜಾಸ್ತಿ ಆಗಿದೆ, ಮೆನುಗೆ ಹೋಗಿ ಮಧ್ಯದ ಲೆವೆಲ್‌ಗೆ ಇಳಿಸಿ ಮತ್ತೆ ನೋಡಿ. ಅಂಗಡಿ ಹುಡುಗ ಮುಖ ಸಿಂಡರಿಸ್ತಾನೆ, ಸಿಂಡರಿಸ್ಲಿ ಬಿಡಿ, ಕಾಸು ನಿಮ್ದು.

ಪ್ಯಾನೆಲ್, ಅಂದ್ರೆ ಚಿತ್ರ ಮೂಡೋ ಪರದೆ, ಅದರ ಜಾತಿ ವಿಷ್ಯ. ಈ ರೇಟಲ್ಲಿ ಸಿಗೋದು ಐಪಿಎಸ್ ಇಲ್ಲಾ ವಿಎ, ಟಿಎನ್ ಈಗ ಹೆಚ್ಚುಕಮ್ಮಿ ಹೊರಟೋಗಿದೆ. ಐಪಿಎಸ್‌ನ ಕಾಂಟ್ರಾಸ್ಟ್ (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತೆ ಅನ್ನೋದು) ಸಾವಿರಕ್ಕೆ ಒಂದರ ಆಸುಪಾಸು, ಅಂದ್ರೆ ರಾತ್ರಿ ಲೈಟ್ ಆರಿಸಿ ಹಾರರ್ ಗೇಮ್ ಆಡಿದ್ರೆ ಕಪ್ಪು ಅನ್ನೋದು ಬೂದಿ ಬಣ್ಣಕ್ಕೆ ತಿರುಗಿರುತ್ತೆ, ಮೂಲೆಗಳಲ್ಲಿ ಮಬ್ಬು ಬೆಳಕು. ವಿಎ ಮೂರು ಸಾವಿರದ ಆಸುಪಾಸು, ಕಪ್ಪು ಚೆನ್ನಾಗಿ ಕಪ್ಪಾಗೇ ಇರುತ್ತೆ. ಹಂಗಾದ್ರೆ ವಿಎ ತಗೊಳ್ಳೋದಲ್ವಾ? ಇಲ್ಲೇ ಕೊಕ್ಕೆ ಇರೋದು, ಕಮ್ಮಿ ರೇಟಿನ ವಿಎಯಲ್ಲಿ ಕಪ್ಪಿನಿಂದ ಗಾಢ ಬೂದಿಗೆ ಪಿಕ್ಸೆಲ್ ತಿರುಗೋದು ತುಂಬಾ ನಿಧಾನ, ಕತ್ತಲೆ ಜಾಗದಲ್ಲಿ ಕ್ಯಾಮೆರಾ ತಿರುಗಿಸಿದ್ರೆ ಮಸಿ ಬಳಿದಂಗೆ ಕಪ್ಪು ಎಳ್ಕೊಂಡು ಹೋಗುತ್ತೆ. ಶೂಟರ್ ಗೇಮ್ ಜಾಸ್ತಿ ಆಡೋರು ಕಣ್ಮುಚ್ಚಿ ಐಪಿಎಸ್ ತಗೊಳ್ಳಿ. ಸಿನಿಮಾ, ಸ್ಟೋರಿ ಗೇಮು, ರಾತ್ರಿ ಹೊತ್ತು ಆಟ, ಇಷ್ಟೇ ಅಂದ್ರೆ ವಿಎ ಕೂಡ ಚೆನ್ನಾಗೇ ಇದೆ. ಕರ್ವ್ ಇರೋ ಬಜೆಟ್ ಮಾನಿಟರ್‌ಗಳು ಹೆಚ್ಚಾಗಿ ವಿಎನೇ, 1500ಆರ್ ಅಂದ್ರೆ ಆ ಬಾಗು 1500 ಮಿಲಿಮೀಟರ್ ತ್ರಿಜ್ಯದ ವೃತ್ತದ ತುಂಡು ಅಂತ, ಅಷ್ಟೇ, 24 ಇಂಚಿಗೆ ಕರ್ವ್ ಇದ್ರೆಷ್ಟು ಬಿಟ್ರೆಷ್ಟು.

ಫ್ರೀಸಿಂಕ್ ಮಾತ್ರ ಇರ್ಲೇಬೇಕು. ಕಾರ್ಡಿಂದ ಫ್ರೇಮ್‌ಗಳು ಒಂದೇ ಸಮ ಬರಲ್ಲ, ಒಂದು 7 ಮಿಲಿಸೆಕೆಂಡಿಗೆ, ಇನ್ನೊಂದು 13ಕ್ಕೆ, ಮಾನಿಟರ್ ಮಾತ್ರ ಬಿಎಂಟಿಸಿ ಟೈಮ್‌ಟೇಬಲ್ ತರ ಗೊತ್ತಾದ ಟೈಮಿಗೇ ಹೊರಡುತ್ತೆ. ಸ್ಕ್ರೀನ್ ಅರ್ಧ ಬರೆದಾಗ ಹೊಸ ಫ್ರೇಮ್ ಬಂದು ನುಗ್ಗಿದ್ರೆ ಮೇಲರ್ಧ ಹಳೇದು ಕೆಳಗರ್ಧ ಹೊಸದು, ನಡುವೆ ಹರಿದಂಗೆ ಗೆರೆ, ಅದು ಟೇರಿಂಗ್. ಗೇಮಲ್ಲಿರೋ ವಿಸಿಂಕ್ ಅನ್ನೋ ಸೆಟ್ಟಿಂಗ್ ಹಾಕಿದ್ರೆ ಗೆರೆ ಹೋಗುತ್ತೆ, ಆದ್ರೆ ಒಂದು ಬಸ್ ತಪ್ಪಿದ ಫ್ರೇಮ್ ಮುಂದಿನ ಬಸ್‌ವರೆಗೂ ಸ್ಟಾಪಲ್ಲೇ ಕಾಯ್ಬೇಕು, ಆ ಕಾಯೋದೇ ಮೌಸಲ್ಲಿ ಲ್ಯಾಗ್ ಅನ್ಸೋದು. ಅಡಾಪ್ಟಿವ್ ಸಿಂಕ್ (ಫ್ರೀಸಿಂಕ್, ಜಿಸಿಂಕ್ ಎರಡೂ ಇದೇ ಜಾತಿ) ಇದ್ರೆ ಪ್ಯಾಸೆಂಜರ್ ಹತ್ತಿದ್ಮೇಲೇ ಬಸ್ ಬಿಡ್ತಾರೆ. 2013ರಲ್ಲಿ ಎನ್ವಿಡಿಯಾ ಜಿಸಿಂಕ್ ತಂದಾಗ ಮಾನಿಟರ್ ಒಳಗೆ ಅವರದ್ದೇ ಒಂದು ದುಬಾರಿ ಬೋರ್ಡ್ ಹಾಕ್ಬೇಕಿತ್ತು, ಎಎಂಡಿಯ ಫ್ರೀಸಿಂಕ್ ಮಾನಿಟರ್‌ಗಳು 2015ರಲ್ಲಿ ಆ ಬೋರ್ಡ್ ಇಲ್ದೆ ಬಂದ್ವು, 2019ರ ಜನವರಿಯಲ್ಲಿ ಎನ್ವಿಡಿಯಾ ಕೂಡ ಡ್ರೈವರ್ ಅಪ್‌ಡೇಟ್ ಕೊಟ್ಟು ಜಿಟಿಎಕ್ಸ್ 10 ಸೀರೀಸ್‌ನಿಂದ ಮೇಲಿನ ಕಾರ್ಡ್‌ಗಳಿಗೆ ಅವನ್ನ ಓಪನ್ ಮಾಡ್ತು. ಇವತ್ತು ಎನ್ವಿಡಿಯಾ ಕಾರ್ಡ್ ಇದೆ ಅಂತ ಜಿಸಿಂಕ್ ಲೋಗೋ ಹುಡ್ಕೊಂಡು ಜಾಸ್ತಿ ದುಡ್ಡು ಕೊಡೋದು ದಂಡ. ಒಂದೇ ನೋಡಿ, ಫ್ರೀಸಿಂಕ್ ಕೆಲಸ ಮಾಡೋ ಹರ್ಟ್ಜ್ ರೇಂಜ್ 48ರಿಂದ ಶುರುವಾಗಿ ಮ್ಯಾಕ್ಸಿಮಮ್‌ವರೆಗೂ ಇದ್ಯಾ ಅಂತ. ಮೇಲಿನ ನಂಬರ್ ಕೆಳಗಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಇದ್ರೆ, ಫ್ರೇಮ್ 48ಕ್ಕಿಂತ ಕೆಳಗೆ ಬಿದ್ರೂ ಒಂದೊಂದನ್ನ ಎರಡೆರಡು ಸಲ ತೋರಿಸಿ ಸಂಭಾಳಿಸುತ್ತೆ.

ಎಚ್‌ಡಿಆರ್ (ಬೆಳಕು ಕತ್ತಲೆ ಎರಡನ್ನೂ ಇನ್ನೂ ಎದ್ದು ಕಾಣೋ ಹಂಗೆ ತೋರಿಸೋದು) ಸ್ಟಿಕ್ಕರ್‌ಗೆ ಒಂದು ರೂಪಾಯಿನೂ ಕೊಡ್ಬೇಡಿ. ಡಿಸ್‌ಪ್ಲೇ ಎಚ್‌ಡಿಆರ್ 400 ಸರ್ಟಿಫಿಕೇಟ್‌ಗೆ 400 ನಿಟ್ಸ್ ಬೆಳಕು ಬಂದ್ರೆ ಮುಖ್ಯವಾಗಿ ಆಯ್ತು, ಬ್ಯಾಕ್‌ಲೈಟನ್ನ ಜಾಗಕ್ಕೆ ತಕ್ಕಂಗೆ ಕಮ್ಮಿ ಜಾಸ್ತಿ ಮಾಡೋ ಲೋಕಲ್ ಡಿಮ್ಮಿಂಗ್ ಇರ್ಬೇಕು ಅಂತೇನಿಲ್ಲ. ಅದಿಲ್ದೆ ಎಚ್‌ಡಿಆರ್ ಆನ್ ಮಾಡಿದ್ರೆ ಬಣ್ಣ ತೊಳೆದು ಹೋದಂಗೆ ಕಾಣುತ್ತೆ, ನಾಲ್ಕು ದಿನ ನೋಡಿ ಆಫ್ ಮಾಡ್ತೀರ. ಕೋಟಿ ಕಾಂಟ್ರಾಸ್ಟ್ ಬಗ್ಗೆ ಮಾತಾಡೋದೇ ವೇಸ್ಟ್. ಬಣ್ಣಕ್ಕೆ 99 ಪರ್ಸೆಂಟ್ ಎಸ್‌ಆರ್‌ಜಿಬಿ (ಎಷ್ಟು ಬಣ್ಣ ತೋರಿಸುತ್ತೆ ಅನ್ನೋ ಅಳತೆ) ಅಂತಿದ್ರೆ ಸಾಕು, 72 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಬರೆದಿದ್ರೂ ಹೆಚ್ಚುಕಮ್ಮಿ ಅದೇ, ಗಾಬರಿ ಬೇಡ.

ಪೋರ್ಟ್ ನೋಡದೆ ತಗೊಂಡು ಬೈಕೊಳ್ಳೋರು ಬಹಳ. ಎಷ್ಟೋ ಮಾಡೆಲಲ್ಲಿ ಪೂರ್ತಿ 165, 180 ಬರೋದು ಡಿಸ್‌ಪ್ಲೇಪೋರ್ಟಲ್ಲಿ ಮಾತ್ರ, ಎಚ್‌ಡಿಎಂಐ ಹಾಕಿದ್ರೆ 144ಕ್ಕೋ 120ಕ್ಕೋ ನಿಂತುಬಿಡುತ್ತೆ, ಸ್ಪೆಕ್ ಶೀಟಲ್ಲಿ ಎರಡಕ್ಕೂ ಬೇರೆಬೇರೆ ಬರೆದಿರ್ತಾರೆ. ಡಬ್ಬದಲ್ಲಿ ಬರೀ ಎಚ್‌ಡಿಎಂಐ ಕೇಬಲ್ ಹಾಕಿ ಕೈತೊಳ್ಕೊಳ್ಳೋರೂ ಇದ್ದಾರೆ, ಕೇಳಿ. ಕನ್ಸೋಲ್ ಇದ್ರೆ ಲೆಕ್ಕ ಸ್ವಲ್ಪ ಬೇರೆ: ಪಿಎಸ್ 5 ಮ್ಯಾಕ್ಸಿಮಮ್ 120 ಹರ್ಟ್ಜ್, 1440ಪಿ ಸಪೋರ್ಟ್ ಬಂದಿದ್ದೇ 2022ರ ಅಪ್‌ಡೇಟಲ್ಲಿ, ಮತ್ತೆ ಅದರಲ್ಲಿ ವಿಆರ್‌ಆರ್ (ಅದೇ ಅಡಾಪ್ಟಿವ್ ಸಿಂಕ್) ಬೇಕು ಅಂದ್ರೆ ಎಚ್‌ಡಿಎಂಐ 2.1 ಇರ್ಬೇಕು, ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಫ್ರೀಸಿಂಕ್ ಇರೋ ಎಚ್‌ಡಿಎಂಐ 2.0 ಸಾಕು. ಲ್ಯಾಪ್‌ಟಾಪ್ ಇರೋ ಪಿಜಿ ಹುಡುಗ್ರು ಮೊದ್ಲು ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಎಷ್ಟು ಹರ್ಟ್ಜ್ ಕೊಡುತ್ತೆ ಅಂತ ನೋಡ್ಕೊಂಡು ಹೋಗಿ.

ರೇಟ್ ಹೇಳ್ಬೇಕು ಅಂದ್ರೆ, ಆಫರ್ ಮೇಲೆ ಏರುಪೇರು ಇದ್ದೇ ಇರುತ್ತೆ, ಆದ್ರೂ ಅಂದಾಜು ಹಿಂಗೆ: ಏಳು ಎಂಟು ಸಾವಿರಕ್ಕೆ 24 ಇಂಚಿನ 100 ಹರ್ಟ್ಜ್ ಐಪಿಎಸ್, ಒಂಬತ್ತರಿಂದ ಹನ್ನೆರಡಕ್ಕೆ 24 ಇಂಚು ಫುಲ್ ಎಚ್‌ಡಿ 144 ಅಥವಾ 180 ಐಪಿಎಸ್, ಹದಿನೈದರಿಂದ ಇಪ್ಪತ್ತರೊಳಗೆ 27 ಇಂಚು 1440ಪಿ. ನನ್ನ ಕೇಳಿದ್ರೆ ಹೆಚ್ಚಿನವರಿಗೆ ಮಧ್ಯದ್ದೇ ಸರಿ, ಉಳಿದ ದುಡ್ಡು ಕಾರ್ಡ್‌ಗೆ ಹೋಗ್ಲಿ. ಬರೀ ಸ್ಟೋರಿ ಗೇಮ್ ಆಡೋರಿಗೆ, ಆಫೀಸ್‌ಗಳಿಂದ ಲಾಟಲ್ಲಿ ಹೊರಬರೋ ರಿಫರ್ಬಿಶ್ಡ್ 60 ಹರ್ಟ್ಜ್ ಐಪಿಎಸ್ ಮಾನಿಟರ್‌ಗಳೂ ನಮ್ಮೂರಲ್ಲಿ ಬೇಕಾದಷ್ಟು ಸಿಗ್ತವೆ, ಸ್ಟ್ಯಾಂಡ್ ಮೇಲೆ ಕೆಳಗೆ ಆಗೋದು ಬೋನಸ್, ಹೊಸ ಬಜೆಟ್ ಮಾನಿಟರ್‌ಗಳಲ್ಲಿ ಆ ಸ್ಟ್ಯಾಂಡೇ ಮೊದ್ಲು ಕತ್ತರಿ ಬೀಳೋದು. ಹೊಸದು ತಗೊಂಡ್ರೆ ಹಿಂದೆ ಸ್ಕ್ರೂ ಹಾಕೋ ವೆಸಾ ತೂತುಗಳು ಇದ್ಯಾ ನೋಡಿ, ಆಮೇಲೆ ಮಾನಿಟರ್ ಹಿಡ್ಕೊಳ್ಳೋ ಆರ್ಮ್ ಹಾಕ್ಕೊಳ್ಬೋದು.

ಅಂಗಡಿಯಲ್ಲಿ "ಬಿಲ್ ಬೇಡಾಂದ್ರೆ ಕಮ್ಮಿ ಮಾಡ್ಕೊಡ್ತೀನಿ" ಅನ್ನೋ ಮಾತು ಬರ್ಬೋದು, 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅಂತ ಆಸೆ ಬೀಳ್ಬೇಡಿ, ಮಾನಿಟರ್‌ಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ, ಬಿಲ್ ಮೇಲೆ ಸೀರಿಯಲ್ ನಂಬರ್ ಇಲ್ದೆ ಸರ್ವಿಸ್ ಸೆಂಟರಲ್ಲಿ ನಿಂತು ಏನಂತ ಹೇಳ್ತೀರ? ಡಬ್ಬ ಅಲ್ಲೇ ಒಡೆಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಕೆಂಪು ಸ್ಕ್ರೀನ್ ಹಾಕಿಸಿ ಸತ್ತ ಪಿಕ್ಸೆಲ್ ಇದ್ಯಾ ನೋಡಿ. ಒಂದೆರಡು ಸತ್ತ ಪಿಕ್ಸೆಲ್‌ಗೆಲ್ಲ ಎಷ್ಟೋ ಬ್ರ್ಯಾಂಡ್‌ಗಳು ರೀಪ್ಲೇಸ್ ಕೊಡಲ್ಲ, ಕೌಂಟರ್ ಬಿಟ್ಟು ಬಂದ್ಮೇಲೆ ನಿಮ್ಮ ಪಾಡು ನಿಮ್ದು. ಬ್ಯಾಕ್‌ಲೈಟ್ ಸೋರೋದು ಮಾತ್ರ ಅಂಗಡಿಯ ಟ್ಯೂಬ್‌ಲೈಟ್ ಬೆಳಕಲ್ಲಿ ಕಾಣಲ್ಲ, ಮನೇಲಿ ರಾತ್ರಿ ಲೈಟ್ ಆರಿಸಿ ನೋಡ್ಬೇಕು, ಅದಕ್ಕೇ ರಿಟರ್ನ್ ಎಷ್ಟು ದಿನ ಅಂತ ಬಿಲ್ ಮೇಲೇ ಬರೆಸ್ಕೊಳ್ಳಿ. ವಾಪಸ್ ಬರೋಕೆ 24 ಇಂಚಾದ್ರೆ ಆಟೋ ಸೀಟಲ್ಲಿ ಪಕ್ಕಕ್ಕೆ ಕೂತ್ಕೊಳ್ಳುತ್ತೆ, 27ರ ಡಬ್ಬ ಇಟ್ಕೊಂಡು ಚಿಕ್ಕಪೇಟೆ ಸ್ಟೇಷನಲ್ಲಿ ಪೀಕ್ ಅವರ್ ಮೆಟ್ರೋ ಹತ್ತೋ ಸಾಹಸ ಬೇಡ.

ಮನೆಗೆ ಬಂದು ಕೇಬಲ್ ಹಾಕುವಾಗ ಗ್ರಾಫಿಕ್ಸ್ ಕಾರ್ಡಿನ ಪೋರ್ಟ್‌ಗೇ ಹಾಕಿ, ಮೇಲೆ ಮದರ್‌ಬೋರ್ಡ್‌ನದ್ದೊಂದು ಇರುತ್ತೆ, ಅದಕ್ಕೆ ಚುಚ್ಚಿ ಫ್ರೇಮ್ ಬರ್ತಿಲ್ಲ ಅಂತ ಒದ್ದಾಡೋರು ಇದ್ದಾರೆ. ಆಮೇಲೆ ವಿಂಡೋಸಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ, ಅಲ್ಲಿ ರಿಫ್ರೆಶ್ ರೇಟ್ 60ರಲ್ಲೇ ಕೂತಿರೋದು ತುಂಬಾ ಕಾಮನ್, 144ಕ್ಕೋ 180ಕ್ಕೋ ಬದಲಾಯಿಸಿ. ಮಾನಿಟರ್ ಮೆನುವಲ್ಲಿ ಫ್ರೀಸಿಂಕ್ ಆನ್, ಓವರ್‌ಡ್ರೈವ್ ಮಧ್ಯಕ್ಕೆ, ಬ್ರೈಟ್‌ನೆಸ್ ನೂರರಿಂದ ಅರ್ಧಕ್ಕಿಳಿಸಿ. ಡ್ರೈವರ್ ಕಂಟ್ರೋಲ್ ಪ್ಯಾನೆಲಲ್ಲೂ ಅಡಾಪ್ಟಿವ್ ಸಿಂಕ್ ಟಿಕ್ ಮಾಡ್ಬೇಕು, ಮಾನಿಟರಲ್ಲಿ ಮಾತ್ರ ಆನ್ ಮಾಡಿದ್ರೆ ಸಾಲಲ್ಲ. ಮತ್ತೆ ರಿಟರ್ನ್ ದಿನ ಮುಗಿಯೋವರೆಗೂ ಡಬ್ಬ, ಥರ್ಮಾಕೋಲ್ ಎರಡನ್ನೂ ಮಂಚದ ಕೆಳಗೆ ತಳ್ಳಿಡಿ, ಅಮ್ಮ ಗುಜರಿಗೆ ಹಾಕ್ಬಿಟ್ರೆ ಅಂಗಡಿಯವ್ರು ವಾಪಸ್ ತಗೊಳ್ಳಲ್ಲ.